ಡ್ಯಾನ್ಯೂಬ್ ದಂಡೆಯಲ್ಲಿ ಗಂಡ-ಹೆಂಡತಿ ಸೈಕಲ್ ಪ್ರವಾಸ: ದಿನಕ್ಕೆ 50 ಕಿ.ಮೀ. ಸಾಕಾ, 75 ಬೇಕಾ?

ನಿಧಾನಗಾಲಿ
ಎಲ್ಲರಿಗೂ ನಮಸ್ಕಾರ. ಮೇ ಕೊನೆಯ ವಾರ ನಾನು, ನನ್ನ ಗಂಡ ಜರ್ಮನಿಯ ಡೊನಾವ್‌ಎಶಿಂಗನ್‌ನಿಂದ ಹೊರಟು ಡ್ಯಾನ್ಯೂಬ್ ದಂಡೆಯಲ್ಲೇ ಸೈಕಲ್ ತುಳಿದು ಬುಡಾಪೆಸ್ಟ್ ಸೇರಬೇಕು ಅಂತಿದ್ದೇವೆ. ಸುಮಾರು 1,200 ಕಿ.ಮೀ. ಆಗುತ್ತದೆ. ಬಹುಪಾಲು ಯೂರೋವೆಲೋ 6 ಎಂಬ ಯುರೋಪಿನ ದೂರದ ಸೈಕಲ್ ದಾರಿ. ಕೈಯಲ್ಲಿ 28 ದಿನ ಇದೆ.

ಇವರ ಲೆಕ್ಕ ಹೀಗೆ: ದಿನಕ್ಕೆ 75 ಕಿ.ಮೀ. ತುಳಿದರೆ 16 ದಿನಕ್ಕೆ ಬುಡಾಪೆಸ್ಟ್ ಮುಗಿಯುತ್ತದೆ. ಉಳಿದ 12 ದಿನದಲ್ಲಿ ರೈಲು ಹಿಡಿದು ವಾಪಸ್ ಬಂದು ಆಲ್ಪ್ಸ್ ದಾಟುವ ವಿಯಾ ಕ್ಲೌಡಿಯಾ ಆಗಸ್ಟಾ ದಾರಿಯನ್ನೂ ಮುಗಿಸಬಹುದು. ನನ್ನ ಲೆಕ್ಕ: ದಿನಕ್ಕೆ 50, ಒಟ್ಟು 24 ದಿನ, ನಾಲ್ಕು ದಿನ ವಿಶ್ರಾಂತಿ. ಅಷ್ಟೇ.

ನಿಜವಾದ ತೊಂದರೆ ಕಿಲೋಮೀಟರ್ ಅಲ್ಲ. ಇವರು ಮುಂದೆ ಹೋಗಿ ಎಲ್ಲೋ ಒಂದು ಮರದ ಕೆಳಗೆ ಕಾಯುತ್ತಾರೆ. ನಾನು ಹೋಗಿ ಸೇರುವಷ್ಟರಲ್ಲಿ ಅವರ ದಣಿವು ಆರಿರುತ್ತದೆ. ನಾನು ಒಂದು ಕಾಲು ನೆಲಕ್ಕೆ ಊರುತ್ತಿದ್ದ ಹಾಗೇ "ಹೊರಡೋಣವಾ?" ಅಂತಾರೆ. ಅಭ್ಯಾಸಕ್ಕೆ ಹೋದಾಗೆಲ್ಲ ಇದೇ ಕಥೆ. ಸಾಮಾನು ಹೇರಿಕೊಂಡು 45 ಕಿ.ಮೀ. ಆಗುವಾಗ ನನಗೆ ಸಾಕು ಅನಿಸುತ್ತದೆ. ಜೋಡಿಯಾಗಿ ಹೋಗಿ ಬಂದವರು ದಯವಿಟ್ಟು ಹೇಳಿ, ಇದನ್ನು ಹೇಗೆ ಸರಿಮಾಡಿಕೊಂಡಿರಿ?

ಗಾಳಿಪಟ
ಡ್ಯಾನ್ಯೂಬ್ ಅಂದರೆ ಇಡೀ ದಾರಿ ಇಳಿಜಾರು ಮೇಡಂ. 75 ಏನೂ ಅಲ್ಲ, ಧೈರ್ಯವಾಗಿ ಹೋಗಿ.

ಅಳತೆಕೋಲು
@ಗಾಳಿಪಟ, ಈ ಮಾತು ಎಲ್ಲರೂ ಹೇಳುತ್ತಾರೆ, ಲೆಕ್ಕ ಹಾಕಿ ನೋಡುವವರು ಕಡಿಮೆ. ಡೊನಾವ್‌ಎಶಿಂಗನ್ ಸಮುದ್ರಮಟ್ಟದಿಂದ ಸುಮಾರು 680 ಮೀಟರ್. ಬುಡಾಪೆಸ್ಟ್ ಸುಮಾರು 100. ಅಂದರೆ 1,200 ಕಿ.ಮೀ.ಗೆ 580 ಮೀಟರ್ ಇಳಿತ. ಒಂದು ಕಿಲೋಮೀಟರಿಗೆ ಅರ್ಧ ಮೀಟರೂ ಇಲ್ಲ. ಅದು ನದಿಗೆ ಗೊತ್ತಾಗುತ್ತದೆ, ಕಾಲಿಗೆ ಗೊತ್ತಾಗಲ್ಲ.

ಮೇಲಿನ ಭಾಗದಲ್ಲಂತೂ ಫ್ರಿಡಿಂಗನ್‌ನಿಂದ ಜಿಗ್ಮರಿಂಗನ್‌ವರೆಗೆ ನದಿ ಸುಣ್ಣಕಲ್ಲಿನ ಕಣಿವೆಯೊಳಗೆ ಹೋಗುತ್ತದೆ. ಅಲ್ಲಿ ಜಲ್ಲಿ ದಾರಿ, ಮಧ್ಯೆ ಮಧ್ಯೆ ಚಿಕ್ಕದಾದರೂ ಕಡಿದಾದ ಏರುಗಳಿವೆ. ಇಡೀ ಪ್ರವಾಸದಲ್ಲಿ ಅತಿ ಚೆಂದದ ಜಾಗವೂ ಅದೇ, ಮೊದಲ ಮೂರು ದಿನದಲ್ಲೇ ಬರುತ್ತದೆ. ಕಾಲು ಇನ್ನೂ ಹದಕ್ಕೆ ಬಂದಿರಲ್ಲ. ಅಲ್ಲಿ 75 ಇಟ್ಟುಕೊಂಡರೆ ಕಣಿವೆಯನ್ನು ನೋಡುವ ಬದಲು ಮೀಟರ್ ನೋಡುತ್ತಾ ಹೋಗುತ್ತೀರಿ.

ಜೋಡಿಹೆಜ್ಜೆ
ನಾನೂ ನನ್ನ ಹೆಂಡತಿಯೂ ರೈನ್ ನದಿ ದಾರಿಯಲ್ಲಿ ಬೋಡೆನ್‌ಸೇ ಸರೋವರದಿಂದ ಹಾಲೆಂಡಿನ ಸಮುದ್ರದವರೆಗೆ ಹೋಗಿದ್ದೆವು. ನೀವು ಬರೆದಿರುವ ಆ "ಹೊರಡೋಣವಾ?" ಓದಿ ಮನಸ್ಸಿಗೆ ತಟ್ಟಿತು. ಮೊದಲ ವಾರ ನಾನೂ ಹಾಗೇ ಮಾಡಿದೆ. ಕೊಬ್ಲೆನ್ಸ್‌ಗೆ ಇನ್ನೂ ಒಂದು ದಿನ ಇರುವಾಗ ಅವಳು ಸೈಕಲ್ ಬೆಂಚಿಗೆ ಒರಗಿಸಿ "ನೀನು ರೈಲಲ್ಲಿ ಹೋಗು, ನಾನು ನನ್ನ ಪಾಡಿಗೆ ಬರ್ತೀನಿ" ಅಂದಳು. ಸಿಟ್ಟಲ್ಲಿ ಹೇಳಿದ್ದಲ್ಲ. ಅದಕ್ಕೇ ನನಗೆ ಜಾಸ್ತಿ ನೋವಾಯಿತು.

ಆ ಸಂಜೆ ಕೂತು ಮೂರು ಬದಲಾವಣೆ ಮಾಡಿಕೊಂಡೆವು. ಭಾರವೆಲ್ಲ ನನ್ನ ಸೈಕಲ್‌ಗೆ ಬಂತು. ಟೆಂಟು, ಒಲೆ, ಪಾತ್ರೆ, ಸಲಕರಣೆ, ಬೀಗ, ನೀರು ಎಲ್ಲ ಸೇರಿ ನನ್ನದು 22 ಕೆ.ಜಿ., ಅವಳದು ಬಟ್ಟೆ ಮತ್ತು ಮಲಗುವ ಚೀಲ ಸೇರಿ 7 ಕೆ.ಜಿ. ನಮ್ಮ ವೇಗದ ಅಂತರದಲ್ಲಿ ಅರ್ಧದಷ್ಟು ಅಲ್ಲೇ ಕರಗಿಹೋಯಿತು. ಎರಡನೆಯದು, ಅವಳು ಮುಂದೆ, ನಾನು ಹಿಂದೆ. ಹಿಂದಿನವನು ಮುಂದಿನವರ ವೇಗಕ್ಕೆ ಹೊಂದಿಕೊಳ್ಳುವುದು ಸುಲಭ. ಹಿಂದಿರುವ ನಿಧಾನದವರು ಮುಂದಿನವರನ್ನು ಹಿಡಿಯಲು ಹೋದರೆ ದಿನವಿಡೀ ಓಟವೇ. ಎದುರುಗಾಳಿ ಇದ್ದ ದಿನ ಮಾತ್ರ ನಾನು ಮುಂದೆ ಹೋಗಿ ಗಾಳಿಗೆ ಅಡ್ಡವಾಗುತ್ತಿದ್ದೆ. ಆಗಲೂ ನನ್ನ ಹಿಂದಿನ ಚಕ್ರಕ್ಕೂ ಅವಳ ಮುಂದಿನ ಚಕ್ರಕ್ಕೂ ಎಷ್ಟು ಅಂತರ ಅಂತ ಕನ್ನಡಿಯಲ್ಲಿ ನೋಡುತ್ತಲೇ ಇರುತ್ತಿದ್ದೆ. ಹ್ಯಾಂಡಲ್‌ಗೆ ಹಾಕುವ ಆ ಚಿಕ್ಕ ಕನ್ನಡಿ ದೊಡ್ಡ ಉಪಕಾರ ಮಾಡಿತು.

ಮೂರನೆಯದು, ವಿಶ್ರಾಂತಿಯ ಸಮಯ ಎರಡನೆಯವರು ಬಂದು ನಿಂತ ಗಳಿಗೆಯಿಂದ ಶುರು. ಹತ್ತು ನಿಮಿಷ ಅಂದರೆ ಅವಳ ಹತ್ತು ನಿಮಿಷ.

ಮಳೆಹನಿ
ಮೂರನೆಯದನ್ನು ಬರೆದು ಮನೆಯ ಗೋಡೆಗೆ ಅಂಟಿಸಿಕೊಳ್ಳುತ್ತೇನೆ.

ಹಳೆಚೈನು
ಇಷ್ಟೆಲ್ಲ ಯಾಕೆ, ಮೇಡಂಗೆ ಒಂದು ಇ-ಬೈಕ್ ಕೊಡಿಸಿ. ಇಬ್ಬರ ವೇಗವೂ ಒಂದೇ ಆಗುತ್ತದೆ.

ನಿಧಾನಗಾಲಿ
@ಹಳೆಚೈನು, ಸಲಹೆಗೆ ಧನ್ಯವಾದ. ಆದರೆ ನನಗೆ ಕಾಲಲ್ಲಿ ಬಲವಿಲ್ಲ ಅಂತ ನಾನು ಹೇಳಿಲ್ಲ. 50 ಕಿ.ಮೀ. ನಾನೇ ತುಳಿದು ಹೋಗಬೇಕು ಅನ್ನೋದೇ ನನ್ನ ಆಸೆ. ನನ್ನ ವೇಗವನ್ನು ಸರಿಪಡಿಸಬೇಕಾದ ಕಾಯಿಲೆ ಅಂತ ನೋಡೋದು ಬೇಡ.

ಮೊಣಕಾಲು
ನಿಧಾನಗಾಲಿಯವರ ಮಾತು ಸರಿ. ಆದರೂ ಇ-ಬೈಕ್ ಬಗ್ಗೆ ಯಾರೂ ಹಗುರವಾಗಿ ಮಾತಾಡಬೇಡಿ. ನನಗೆ 61 ವಯಸ್ಸು, ಎರಡೂ ಮೊಣಕಾಲಲ್ಲಿ ನೋವಿದೆ. ಇ-ಬೈಕ್ ಇಲ್ಲದಿದ್ದರೆ ಜರ್ಮನಿ-ಆಸ್ಟ್ರಿಯಾ ಗಡಿಯ ಪಸ್ಸಾವ್‌ನಿಂದ ವಿಯೆನ್ನಾವರೆಗಿನ ದಾರಿ ನನ್ನ ಪಾಲಿಗೆ ಇರುತ್ತಲೇ ಇರಲಿಲ್ಲ. ಯುರೋಪಿನ ನಿಯಮದಲ್ಲಿ ಸೈಕಲ್ ಅನಿಸಿಕೊಳ್ಳಬೇಕಾದರೆ ಮೋಟಾರು 250 ವಾಟ್ ಮೀರಬಾರದು, ಗಂಟೆಗೆ 25 ಕಿ.ಮೀ. ಆದ ಮೇಲೆ ಸಹಾಯ ನಿಲ್ಲಬೇಕು, ತುಳಿದರೆ ಮಾತ್ರ ಓಡಬೇಕು. ಸುಮ್ನೆ ಕೂತು ಹೋಗೋ ಗಾಡಿ ಅಲ್ಲ ಅದು.

ಒಂದು ಎಚ್ಚರಿಕೆ: ನಿಮ್ಮದೇ ಇ-ಬೈಕ್ ವಿಮಾನದಲ್ಲಿ ತರಲು ಆಗಲ್ಲ. 160 ವಾಟ್-ಅವರ್‌ಗಿಂತ ದೊಡ್ಡ ಬ್ಯಾಟರಿ ಪ್ರಯಾಣಿಕರ ವಿಮಾನಕ್ಕೆ ಹತ್ತಿಸಲ್ಲ, ಇ-ಬೈಕ್ ಬ್ಯಾಟರಿ ಅದರ ಎರಡು ಮೂರು ಪಟ್ಟು ಇರುತ್ತದೆ. ಪಸ್ಸಾವ್‌ನಲ್ಲೇ ಬಾಡಿಗೆಗೆ ಸಿಗುತ್ತದೆ.

ಎರಡುಸೀಟು
ಟ್ಯಾಂಡಮ್ ತಗೊಳ್ಳಿ! ಒಂದೇ ಸೈಕಲ್, ಇಬ್ಬರು. ಯಾರೂ ಯಾರಿಗೂ ಕಾಯೋ ಪ್ರಶ್ನೆಯೇ ಇಲ್ಲ.

ಅಳತೆಕೋಲು
@ಎರಡುಸೀಟು, ರೈಲಲ್ಲಿ ಏನು ಮಾಡ್ತೀರಿ? ಸೈಕಲ್ ನಿಲ್ಲಿಸುವ ಜಾಗಕ್ಕೆ ಅದು ಹಿಡಿಯಲ್ಲ, ಎಷ್ಟೋ ರೈಲುಗಳಲ್ಲಿ ಟ್ಯಾಂಡಮ್‌ಗೆ ಅವಕಾಶವೇ ಇಲ್ಲ. ಮೂರು ಕಡೆ ಮೆಟ್ಟಿಲು ಹತ್ತಿಳಿಸಿದರೆ ಗೊತ್ತಾಗುತ್ತದೆ.

ಎರಡುಸೀಟು
ನಾವು ಹತ್ತಿಳಿಸಿದ್ದೇವೆ, ಕಷ್ಟ ನಿಜ. ಆದರೆ ದಿನವಿಡೀ ಇಬ್ಬರೂ ಮಾತಾಡಿಕೊಂಡು ಹೋಗುವ ಸುಖ ಬೇರೆ ಸೈಕಲ್‌ನಲ್ಲಿ ಇಲ್ಲ.

ಘಟ್ಟದವ
ಮಾತಾಡಿಕೊಂಡು ಹೋಗಲು ಟ್ಯಾಂಡಮ್ಮೇ ಬೇಕಿಲ್ಲ. ಜರ್ಮನಿಯಲ್ಲಿ ಬೇರೆಯವರಿಗೆ ಅಡ್ಡಿಯಾಗದಿದ್ದರೆ ಇಬ್ಬರು ಪಕ್ಕಪಕ್ಕ ತುಳಿಯಬಹುದು, 2020ರಿಂದ ಕಾನೂನಲ್ಲೇ ಸ್ಪಷ್ಟವಾಗಿದೆ. ಡ್ಯಾನ್ಯೂಬ್ ದಾರಿ ಬಹಳ ಕಡೆ ಅಷ್ಟು ಅಗಲವೂ ಇದೆ. ಹಿಂದಿನಿಂದ ಬೆಲ್ಲು ಕೇಳಿದರೆ ಬಲಕ್ಕೆ ಸರಿಯಿರಿ, ಎಡಕ್ಕಲ್ಲ. ಅಲ್ಲಿ ಸಂಚಾರ ಬಲಗಡೆ. ಬೆಳಿಗ್ಗೆ ಎದ್ದು ಹೊರಡುವ ಮೊದಲ ಗಳಿಗೆಯಲ್ಲಿ ಎಡಕ್ಕೆ ಹೋಗುವ ಅಭ್ಯಾಸ ಮರುಕಳಿಸುತ್ತದೆ. ನನಗೆ ಹತ್ತನೇ ದಿನವೂ ಹಾಗಾಗಿತ್ತು.

ಇನ್ನೊಂದು: ನೀಲಿ ಗುಂಡು ಫಲಕದಲ್ಲಿ ಬಿಳಿ ಸೈಕಲ್ ಇದ್ದರೆ ಆ ಸೈಕಲ್ ದಾರಿ ಬಳಸಲೇಬೇಕು. ಪಕ್ಕದ ಡಾಂಬರು ರಸ್ತೆ ಎಷ್ಟೇ ನುಣ್ಣಗಿದ್ದರೂ ಹೋಗುವ ಹಾಗಿಲ್ಲ.

ಕಾಗದಪತ್ರ
ವೀಸಾ ಬಗ್ಗೆ ಯಾರೂ ಹೇಳಿಲ್ಲ. ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ) ಬೇಕಿರುವವರು ಎಷ್ಟು ರಾತ್ರಿ ಯಾವ ದೇಶ ಅಂತ ಮೊದಲೇ ಎಣಿಸಿ. ಎಲ್ಲಿ ಜಾಸ್ತಿ ದಿನವೋ ಆ ದೇಶಕ್ಕೇ ಅರ್ಜಿ ಹಾಕಬೇಕು. ದಿನಕ್ಕೆ 50 ಇಟ್ಟುಕೊಂಡರೆ ಪಸ್ಸಾವ್‌ವರೆಗೆ ಅಂದರೆ ಸುಮಾರು 580 ಕಿ.ಮೀ. ಜರ್ಮನಿಯಲ್ಲೇ 12 ರಾತ್ರಿ ಆಗುತ್ತದೆ, ಹಾಗಾಗಿ ಜರ್ಮನಿ. ಶುಲ್ಕ 90 ಯೂರೋ, ವಿಮೆ ಕನಿಷ್ಠ 30,000 ಯೂರೋದ್ದು ಇರಬೇಕು. ಪ್ರಯಾಣಕ್ಕೆ 6 ತಿಂಗಳ ಮೊದಲಿನಿಂದ ಅರ್ಜಿ ತಗೊಳ್ಳುತ್ತಾರೆ.

ಸೈಕಲ್‌ನವರಿಗೆ ಕಷ್ಟ ಏನೆಂದರೆ ಉಳಿಯುವ ಜಾಗ ಮೊದಲೇ ತೋರಿಸಬೇಕು. ದಿನದಿನದ ಊರು, ದೂರ ಬರೆದ ಪಟ್ಟಿ ಮಾಡಿ, ರದ್ದು ಮಾಡಬಹುದಾದ ಕೊಠಡಿಗಳನ್ನೇ ಹಿಡಿಯಿರಿ. ದೂರವನ್ನು ಕಡಿಮೆ ಇಟ್ಟು ಬರೆದವರಿಗೆ ಇಲ್ಲೂ ಅನುಕೂಲ.

ಮೂಲಶೋಧ
ವಿಷಯದಿಂದ ಸ್ವಲ್ಪ ಆಚೆ ಹೋಗುತ್ತೇನೆ, ಕ್ಷಮಿಸಿ. ಡ್ಯಾನ್ಯೂಬ್ ಶುರುವಾಗೋದು ಡೊನಾವ್‌ಎಶಿಂಗನ್‌ನಲ್ಲಿ ಅಂತ ಒಪ್ಪದವರು ಅಲ್ಲೇ ಇದ್ದಾರೆ. ಬ್ರೆಗ್, ಬ್ರಿಗಾಖ್ ಎಂಬ ಎರಡು ಹೊಳೆ ಸೇರಿ ಡ್ಯಾನ್ಯೂಬ್ ಆಗುವುದು. ಉದ್ದ ಜಾಸ್ತಿ ಇರುವ ಬ್ರೆಗ್ ಹುಟ್ಟುವುದು ಫುರ್ಟ್‌ವಾಂಗನ್ ಹತ್ತಿರ, ಸುಮಾರು 1,080 ಮೀಟರ್ ಎತ್ತರದಲ್ಲಿ. ಅಲ್ಲಿಂದ ಹೊರಟರೆ ನಿಜವಾದ ಇಳಿಜಾರು ಸಿಗುತ್ತದೆ.

ನದಿಮಗಳು
ಡೊನಾವ್‌ಎಶಿಂಗನ್ ಅರಮನೆಯ ಪಕ್ಕದ ಕಲ್ಲು ಕಟ್ಟಿದ ಆ ಬುಗ್ಗೆ ನೋಡಿ ಹೊರಡೋದೇ ಚೆಂದ. ನನಗೆ ಅದಕ್ಕಿಂತ ಬೆರಗು ತಂದಿದ್ದು ಇಮ್ಮೆಂಡಿಂಗನ್. ಅಲ್ಲಿ ನದಿಯ ನೀರು ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಂಗಿಹೋಗುತ್ತದೆ. ಬೇಸಿಗೆಯಲ್ಲಿ ಎಷ್ಟೋ ದಿನ ನದಿಯ ಪಾತ್ರ ಪೂರ್ತಿ ಒಣಗಿರುತ್ತದೆ, ಕಲ್ಲಿನ ಮೇಲೆ ನಡೆದುಕೊಂಡೇ ದಾಟಬಹುದು. ಆ ನೀರು ದಕ್ಷಿಣಕ್ಕೆ ಸುಮಾರು 12 ಕಿ.ಮೀ. ದೂರದ ಆಖ್ ಬುಗ್ಗೆಯಲ್ಲಿ ಮೇಲೆ ಬಂದು ಬೋಡೆನ್‌ಸೇ ಸೇರುತ್ತದೆ. ಅಂದರೆ ರೈನ್ ಪಾಲಾಗುತ್ತದೆ. ಕಪ್ಪು ಸಮುದ್ರಕ್ಕೆ ಹೋಗಬೇಕಾದ ನೀರು ಉತ್ತರ ಸಮುದ್ರಕ್ಕೆ! ನಾವಿಬ್ಬರೂ ಒಣಗಿದ ನದಿಯೊಳಗೆ ಒಂದು ಗಂಟೆ ಕೂತಿದ್ದೆವು. ಆ ದಿನ ಆಗಿದ್ದು 31 ಕಿ.ಮೀ. ಮಾತ್ರ.

ಗಾಳಿಪಟ
ಇದು ಗೊತ್ತಿರಲಿಲ್ಲ. ಇಳಿಜಾರಿನ ಮಾತು ವಾಪಸ್ ತಗೊಂಡೆ. ಆದರೆ ಗಾಳಿ ಬೆನ್ನಿಗೆ ಇರುತ್ತೆ ಅಲ್ವಾ?

ಅಳತೆಕೋಲು
ಸಾಮಾನ್ಯವಾಗಿ ಪಶ್ಚಿಮದ ಗಾಳಿ, ಹಾಗಾಗಿ ಪೂರ್ವಕ್ಕೆ ಹೋಗುವವರಿಗೆ ಅನುಕೂಲ. ಆದರೆ ಪೂರ್ವದ ಗಾಳಿ ಬೀಸುವ ದಿನಗಳೂ ಇವೆ. ವಿಯೆನ್ನಾ ದಾಟಿದ ಮೇಲೆ ಹೈನ್‌ಬುರ್ಗ್ ಕಡೆಗೆ ನದಿಯ ಒಡ್ಡಿನ ಮೇಲೆ ನೇರ ದಾರಿ, ಉದ್ದಕ್ಕೂ ನೆರಳು ಕಡಿಮೆ. ಅಲ್ಲಿ ಎದುರುಗಾಳಿ ಸಿಕ್ಕರೆ 50 ಕೂಡ 100 ಆದ ಹಾಗೆ.

ಬುತ್ತಿಗಂಟು
ಮೇ-ಜೂನ್ ಅಂದರೆ ರಜೆಗಳನ್ನು ನೋಡಿಕೊಳ್ಳಿ. ಈಸ್ಟರ್ ಆಗಿ 39ನೇ ದಿನ ಗುರುವಾರ ಒಂದು ರಜೆ, ಆಮೇಲೆ ಒಂದು ಸೋಮವಾರ, ಆಮೇಲೆ ಬವೇರಿಯಾ, ಆಸ್ಟ್ರಿಯಾದಲ್ಲಿ ಮತ್ತೊಂದು ಗುರುವಾರ. ಆ ದಿನಗಳಲ್ಲೂ ಭಾನುವಾರಗಳಲ್ಲೂ ದಿನಸಿ ಅಂಗಡಿ ಮುಚ್ಚಿರುತ್ತವೆ. ಅದಕ್ಕಿಂತ ಕಷ್ಟ, ಉದ್ದ ರಜೆಯಲ್ಲಿ ಅಲ್ಲಿನವರೆಲ್ಲ ಸೈಕಲ್ ಹತ್ತಿ ಇದೇ ದಾರಿಗೆ ಬರುತ್ತಾರೆ, ಕೊಠಡಿ ಸಿಗಲ್ಲ. ಒಂದು ಗುರುವಾರ ಸಂಜೆ ನಾವು ಐದು ಊರು ಸುತ್ತಿ ಕೊನೆಗೆ ಕ್ಯಾಂಪಿಂಗ್ ಜಾಗದ ಹುಲ್ಲಿನ ಮೂಲೆಯಲ್ಲಿ ಟೆಂಟು ಹಾಕಿದೆವು. ಸಣ್ಣ ಟೆಂಟಾದರೂ ಜೊತೆಗಿರಲಿ.

ಕುಡಿನೀರು
ನೀರು ಬೇಕಾದರೆ ಊರಿನ ಸ್ಮಶಾನಕ್ಕೆ ಹೋಗಿ, ಅಲ್ಲಿ ನಲ್ಲಿ ಇದ್ದೇ ಇರುತ್ತದೆ.

ಘಟ್ಟದವ
ಅರ್ಧ ಸರಿ. ಫ್ರಾನ್ಸಿನಲ್ಲಿ ಸೈಕಲ್‌ನವರೆಲ್ಲ ಮಾಡೋದು ಅದನ್ನೇ. ಜರ್ಮನಿ, ಆಸ್ಟ್ರಿಯಾದಲ್ಲಿ ನಲ್ಲಿಯ ಮೇಲೆ "ಕೈನ್ ಟ್ರಿಂಕ್‌ವಾಸರ್" ಅಂತ ಬರೆದಿದೆಯಾ ನೋಡಿ. ಬರೆದಿದ್ದರೆ ಅದು ಗಿಡಕ್ಕೆ ಹಾಕುವ ನೀರು, ಕುಡಿಯಬೇಡಿ.

ಮುಂದಿನಚಕ್ರ
ನಮಸ್ಕಾರ. ನಾನು ನಿಧಾನಗಾಲಿಯ ಗಂಡ. ಅವಳು ಇಲ್ಲಿ ಬರೆದಿದ್ದಾಳೆ ಅಂತ ನಿನ್ನೆ ಅವಳೇ ತೋರಿಸಿದಳು, ಎಲ್ಲವನ್ನೂ ಓದಿದೆ.

ಮರದ ಕೆಳಗೆ ಕಾಯುವುದು ಅವಳಿಗೆ ಒಳ್ಳೆಯದು ಅಂತಲೇ ಅಂದುಕೊಂಡಿದ್ದೆ. ಅವಳು ಬಂದ ತಕ್ಷಣ ಹೊರಟರೆ ಬೇಗ ಮುಗಿಯುತ್ತದೆ, ಅವಳಿಗೆ ಬೇಗ ವಿಶ್ರಾಂತಿ ಸಿಗುತ್ತದೆ ಅನ್ನೋ ಲೆಕ್ಕ ನನ್ನದು. ಅವಳಿಗೆ ಮಧ್ಯದಲ್ಲಿ ವಿಶ್ರಾಂತಿಯೇ ಸಿಗುತ್ತಿಲ್ಲ ಅನ್ನೋದು ನನಗೆ ನಿಜವಾಗಿಯೂ ಹೊಳೆದಿರಲಿಲ್ಲ. ಅದನ್ನು ಅವಳ ಹತ್ತಿರವೂ ಹೇಳಿದ್ದೇನೆ. ಸಾಮಾನು ಪೂರ್ತಿ ನಾನು ಹೊರುತ್ತೇನೆ.

ಆದರೆ ಆಲ್ಪ್ಸ್ ಬಿಡಲು ಮನಸ್ಸಿಲ್ಲ. ಆ ದಾರಿಯಲ್ಲಿ, ಆಸ್ಟ್ರಿಯಾ-ಇಟಲಿ ಗಡಿಯ ಹತ್ತಿರ ಇರುವ ರೆಷೆನ್ ಸರೋವರದ ನೀರಿನ ಮಧ್ಯೆ ಎದ್ದು ನಿಂತ ಗಂಟೆಗೋಪುರಕ್ಕೆ ಸೈಕಲ್‌ನಲ್ಲೇ ಹತ್ತಿ ಹೋಗಬೇಕು ಅನ್ನೋದು ನನ್ನ ಬಹಳ ವರ್ಷದ ಆಸೆ. ದಾರಿ ಇದೆಯಾ?

ನದಿಮಗಳು
ಇದೆ. ಬುಡಾಪೆಸ್ಟ್ ಬಿಡಿ, ವಿಯೆನ್ನಾಕ್ಕೆ ನಿಲ್ಲಿಸಿ. ಅಲ್ಲಿಗೆ ಸುಮಾರು 900 ಕಿ.ಮೀ., ದಿನಕ್ಕೆ 50ರಂತೆ 18 ದಿನ. ವಿಯೆನ್ನಾದಿಂದ ಲಾಂಡೆಕ್‌ಗೆ ನೇರ ರೈಲು. ಸೈಕಲ್ ಜಾಗ ಮಾತ್ರ ಮೊದಲೇ ಕಾಯ್ದಿರಿಸಬೇಕು, ಜಾಗ ಬಹಳ ಕಡಿಮೆ. ಲಾಂಡೆಕ್‌ನಿಂದ ಹತ್ತಬೇಕಾದ ರೆಷೆನ್ ಕಣಿವೆದಾರಿ ಸಮುದ್ರಮಟ್ಟದಿಂದ 1,500 ಮೀಟರ್ ಎತ್ತರದಲ್ಲಿದೆ. ಅದನ್ನು ಇವರು ತುಳಿದು ಹತ್ತಲಿ. ಬೇಕಿದ್ದರೆ ನಿಧಾನಗಾಲಿಯವರು ಸೈಕಲ್ ಒಯ್ಯುವ ಬಸ್ಸಿನಲ್ಲಿ ನೌಡರ್ಸ್‌ಗೆ ಬರಬಹುದು. ಗೋಪುರದ ಹತ್ತಿರ ಇಬ್ಬರೂ ಸೇರಿ, ಅಲ್ಲಿಂದ ಮೆರಾನೋವರೆಗೆ ಸೇಬಿನ ತೋಟಗಳ ಮಧ್ಯೆ ಸುಮಾರು 1,200 ಮೀಟರ್ ಇಳಿತ. ಗಾಳಿಪಟ ಕೇಳಿದ ಇಳಿಜಾರು ಇರೋದು ಅಲ್ಲಿ.

ಗೋಪುರ 14ನೇ ಶತಮಾನದ್ದು. 1950ರಲ್ಲಿ ಅಣೆಕಟ್ಟಿನ ನೀರು ತುಂಬಿ ಗ್ರೌನ್ ಎಂಬ ಊರು ಮುಳುಗಿದಾಗ ಅದೊಂದೇ ಉಳಿಯಿತು. ಅಲ್ಲಿ ನಿಂತಾಗ ಫೋಟೋ ತೆಗೆಯುವ ಮನಸ್ಸು ಬರಲಿಲ್ಲ ನನಗೆ. ಆ ನೀರಿನ ಕೆಳಗೆ ಜನರ ಮನೆಗಳಿದ್ದವು.

ಹಳೆಚೈನು
ಬುಡಾಪೆಸ್ಟ್ ಬಿಡೋದಾ? ಎಸ್ಟೆರ್ಗೊಮ್ ದಾಟಿದ ಮೇಲೆ ನದಿ ದಕ್ಷಿಣಕ್ಕೆ ತಿರುಗುವ ಆ ಜಾಗ ನೋಡದೆ ಡ್ಯಾನ್ಯೂಬ್ ನೋಡಿದೆ ಅನ್ನೋ ಹಾಗಿಲ್ಲ.

ನದಿಮಗಳು
ತಿರುವು ಚೆಂದ, ಒಪ್ಪಿದೆ. ಆದರೆ ಹಂಗೇರಿಯಲ್ಲಿ ಕೆಲವು ಕಡೆ ಕಾರು-ಲಾರಿಗಳ ಜೊತೆ ರಸ್ತೆಯಲ್ಲೇ ಹೋಗಬೇಕು. ಬುಡಾಪೆಸ್ಟ್‌ಗೆ ಆರು ದಿನ ಕೊಡುವ ಬದಲು ಆಲ್ಪ್ಸ್‌ಗೆ ಕೊಡಲಿ. ಎಲ್ಲವನ್ನೂ ಒಂದೇ ಸಲ ಮುಗಿಸಲೇಬೇಕಾ?

ಬಿಡಿಭಾಗ
ವಿಮಾನದಲ್ಲಿ ಸೈಕಲ್ ತರುವವರಿಗೆ: ಹಿಂದಿನ ಗೇರನ್ನು ಚೌಕಟ್ಟಿಗೆ ಹಿಡಿದಿಡುವ ಸಣ್ಣ ಲೋಹದ ತುಂಡು ಇದೆಯಲ್ಲ, ಡಿರೇಲರ್ ಹ್ಯಾಂಗರ್, ಅದರ ಒಂದು ಬದಲಿ ತಪ್ಪದೆ ತನ್ನಿ. ಒಂದೊಂದು ಸೈಕಲ್‌ಗೆ ಒಂದೊಂದು ಆಕಾರ, ದಾರಿಯ ಅಂಗಡಿಯಲ್ಲಿ ಸಿಗೋದು ಕಷ್ಟ. ನನ್ನ ಸೈಕಲ್ ಪೆಟ್ಟಿಗೆ ವಿಮಾನದಿಂದ ಇಳಿದಾಗ ಒಂದು ಬದಿ ಜಜ್ಜಿಹೋಗಿತ್ತು, ಆ ತುಂಡು ಬಾಗಿತ್ತು. ನಾಲ್ಕು ದಿನ ಒಂದೇ ಊರಲ್ಲಿ ಕೂತೆ. ಗೇರನ್ನೇ ಬಿಚ್ಚಿ ಬಟ್ಟೆ ಸುತ್ತಿ ಚೌಕಟ್ಟಿನ ಒಳಗೆ ಕಟ್ಟಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಪೆಡಲು ಬಿಚ್ಚುವಾಗ ನೆನಪಿರಲಿ, ಎಡಗಡೆಯದು ಉಲ್ಟಾ ತಿರುಪು.

ಮಳೆಹನಿ
ನಿಧಾನಗಾಲಿ ಅಕ್ಕ, ಹೆಂಗಸರ ವಿಷಯ ಯಾರೂ ಹೇಳಿಲ್ಲ, ನಾನು ಹೇಳ್ತೀನಿ. ಸೀಟು ನಿಮ್ಮ ಅಳತೆಗೆ ಇದೆಯಾ ನೋಡಿ. ನಮಗೆ ಸಾಮಾನ್ಯವಾಗಿ ಸ್ವಲ್ಪ ಅಗಲದ್ದು ಬೇಕಾಗುತ್ತದೆ, ಮೆತ್ತಗಿದ್ದರೆ ಸಾಕು ಅನ್ನೋದು ತಪ್ಪು. ಮೆತ್ತೆ ಇರುವ ಸೈಕಲ್ ಚಡ್ಡಿಯ ಒಳಗೆ ಬೇರೆ ಒಳಉಡುಪು ಹಾಕಬೇಡಿ, ಅದರ ಹೊಲಿಗೆಯೇ ಉಜ್ಜಿ ಗಾಯ ಮಾಡುತ್ತದೆ. ದಿನಾ ಒಗೆದು ಒಣಗಿಸಲು ಎರಡು ಇರಲಿ. ಗೇರು ಹಗುರವಾಗಿರಲಿ. ನನಗೆ ಮುಂದೆ 22 ಹಲ್ಲು, ಹಿಂದೆ 34 ಹಲ್ಲು ಹಾಕಿಸಿದ ಮೇಲೆ ಏರಿನ ಭಯವೇ ಹೋಯಿತು. ತಿಂಗಳ ಆ ದಿನಗಳು ಬಂದರೆ ವಿಶ್ರಾಂತಿಯ ದಿನವನ್ನು ಅಲ್ಲಿಗೆ ಸರಿಸಿಕೊಳ್ಳಿ, ಯಾರಿಗೂ ವಿವರಣೆ ಕೊಡಬೇಕಿಲ್ಲ.

ನಿಧಾನಗಾಲಿ
@ಮಳೆಹನಿ, ಎಷ್ಟು ದಿನದಿಂದ ಕೇಳಬೇಕು ಅಂತಿದ್ದೆ ಇದನ್ನ. ತುಂಬಾ ಧನ್ಯವಾದ ಕಣೇ.

ಪಸ್ಸಾವ್‌ಪಕ್ಕ
ಹೊಳೆಯ ಮಟ್ಟವನ್ನೂ ನೋಡಿಕೊಂಡು ಹೊರಡಿ. ಜೂನ್ ಅಂದರೆ ಆಲ್ಪ್ಸ್‌ನ ಹಿಮ ಕರಗುವ ಕಾಲ. ಅದಕ್ಕೆ ಜೋರು ಮಳೆ ಸೇರಿದರೆ ಇನ್ ನದಿ ತುಂಬಿ ಬರುತ್ತದೆ, ಅದು ಡ್ಯಾನ್ಯೂಬ್ ಸೇರುವುದು ಪಸ್ಸಾವ್‌ನಲ್ಲೇ. 2013ರ ಜೂನ್‌ನಲ್ಲಿ ಇಲ್ಲಿ ನೀರು 12.89 ಮೀಟರ್ ಮುಟ್ಟಿತ್ತು. ಪುರಸಭೆಯ ಗೋಡೆಯಲ್ಲಿ ಗುರುತು ಹಾಕಿದ್ದಾರೆ. ಸೈಕಲ್ ದಾರಿ ನೀರಿನ ಪಕ್ಕದಲ್ಲೇ ಇರುವುದರಿಂದ ಮೊದಲು ಮುಳುಗೋದು ಅದೇ.

ಎರಡುಸೀಟು
ಆಸ್ಟ್ರಿಯಾದ ವಾಖಾವ್ ಕಣಿವೆಯಲ್ಲಿ ಯಾವ ದಂಡೆ? ನಾವು ಉತ್ತರದ ದಂಡೆ ಹಿಡಿದೆವು. ಡ್ಯೂರ್ನ್‌ಸ್ಟೈನ್ ಕೋಟೆ ಆ ಕಡೆಯೇ, ದ್ರಾಕ್ಷಿ ತೋಟ, ಏಪ್ರಿಕಾಟ್ ತೋಟಗಳೂ ಇವೆ.

ಪಸ್ಸಾವ್‌ಪಕ್ಕ
ದಕ್ಷಿಣದ ದಂಡೆ! ಜನ ಕಡಿಮೆ, ಎದುರಿನ ದಂಡೆಯ ಚೆಂದವೆಲ್ಲ ಅಲ್ಲಿಂದಲೇ ಕಾಣೋದು. ಡ್ಯೂರ್ನ್‌ಸ್ಟೈನ್ ಒಳಗೆ ನಿಂತವರಿಗೆ ಡ್ಯೂರ್ನ್‌ಸ್ಟೈನ್ ಕಾಣಲ್ಲ.

ಜೋಡಿಹೆಜ್ಜೆ
ಎರಡೂ ನೋಡಿ. ಮೆಲ್ಕ್‌ನಿಂದ ಕ್ರೆಮ್ಸ್‌ಗೆ ಇರೋದೇ 35 ಕಿ.ಮೀ. ಮಧ್ಯೆ ಷ್ಪಿಟ್ಸ್‌ನಲ್ಲಿ ದೋಣಿ ಇದೆ, ಅದಕ್ಕೆ ಮೋಟಾರಿಲ್ಲ. ನದಿಗೆ ಅಡ್ಡ ಕಟ್ಟಿದ ಉಕ್ಕಿನ ಹಗ್ಗಕ್ಕೆ ಜೋಡಿಸಿರುತ್ತಾರೆ, ಹರಿವಿನ ಬಲವೇ ಅದನ್ನು ಆಚೆ ದಡಕ್ಕೆ ತಳ್ಳುತ್ತದೆ. ಸದ್ದೇ ಇಲ್ಲದೆ ದಾಟುತ್ತೀರಿ.

ನಿಧಾನಗಾಲಿ
ಎಲ್ಲರಿಗೂ ಉತ್ತರ ಕೊಡಲು ಆಗಲಿಲ್ಲ, ಟಿಕೆಟ್ ಮಾಡುವ ಗಡಿಬಿಡಿ. ಹೀಗೆ ತೀರ್ಮಾನ ಆಯಿತು: ದಿನಕ್ಕೆ 50, ವಿಯೆನ್ನಾಕ್ಕೆ ನಿಲುಗಡೆ, ನಾಲ್ಕು ದಿನ ವಿಶ್ರಾಂತಿ, ಕೊನೆಗೆ ಆರು ದಿನ ರೆಷೆನ್ ಕಡೆಗೆ. ಇವರು ತುಳಿದು ಹತ್ತುತ್ತಾರೆ, ನಾನು ಬಸ್ಸು ಅಂತ ಈಗ ಬರೆದಿದ್ದೇವೆ. ಆದರೆ 18 ದಿನ ತುಳಿದ ಮೇಲೆ ನನ್ನ ಕಾಲು ಏನು ಹೇಳುತ್ತೋ ನೋಡೋಣ, ನನಗೂ ಹತ್ತುವ ಆಸೆ ಹುಟ್ಟಿದೆ. ನಿನ್ನೆ ಅಭ್ಯಾಸಕ್ಕೆ ಹೋದಾಗ ನಾನೇ ಮುಂದೆ ಇದ್ದೆ. 52 ಕಿ.ಮೀ. ಆಯಿತು.

ಹಳೆಚೈನು
ಬುಡಾಪೆಸ್ಟ್ ವಿಷಯದಲ್ಲಿ ನಾನು ಇನ್ನೂ ಒಪ್ಪಿಲ್ಲ. ಇ-ಬೈಕ್ ಮಾತು ಮಾತ್ರ ದುಡುಕಿ ಆಡಿದ್ದು, ಕ್ಷಮಿಸಿ ಮೇಡಂ.

ಮುಂದಿನಚಕ್ರ
ಜೋಡಿಹೆಜ್ಜೆ ಸರ್, ಆ ಹ್ಯಾಂಡಲ್ ಕನ್ನಡಿ ಎಡಗಡೆ ಹಾಕಬೇಕಾ ಬಲಗಡೆಗಾ? ಸಂಚಾರ ಬಲಗಡೆ ಅಂದರೆ ಹಿಂದಿನ ಗಾಡಿಗಳು ಎಡಕ್ಕೆ ಬರುತ್ತವೆ ಅಲ್ವಾ?

ಜೋಡಿಹೆಜ್ಜೆ
ಎಡಗಡೆ. ಅವರು ಮುಂದೆ ಇರುವ ದಿನ ನಿಮಗೆ ಗಾಡಿ ಕಾಣಲು ಬೇಕು, ನೀವು ಮುಂದೆ ಇರುವ ದಿನ ಅವರು ಕಾಣಲು.